ಮರೆವಿನ ಕಾಯಿಲೆಯ ಹಿರಿಯರಿಗೆ ದಿನನಿತ್ಯದ ನಡಿಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಸುತ್ತಿನ ಮನೆಗಳಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರ ಆರೈಕೆ ಮಾಡುತ್ತಿರುವ ಸದಸ್ಯರು ದಯವಿಟ್ಟು ಇದನ್ನು ಗಮನಿಸಬೇಕು. ನಿಯಮಿತ ನಡಿಗೆಯು ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡಲು ನೆರವಾಗುವುದರಿಂದ ಮೆದುಳಿನ ರಕ್ತನಾಳಗಳಿಗೂ ಒಳ್ಳೆಯದು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಡಿಮೆನ್ಶಿಯಾ ಇಲ್ಲದ ಹಿರಿಯರು ಒಂದು ವರ್ಷ ನಡಿಗೆಯ ಅಭ್ಯಾಸ ಮಾಡಿದಾಗ, ಮೆದುಳಿನಲ್ಲಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗವು ಸುಮಾರು ಶೇ. 2ರಷ್ಟು ಹಿಗ್ಗಿದ್ದು ಕಂಡುಬಂದಿತ್ತು. ಆದರೆ ಕಾಯಿಲೆ ಆಗಲೇ ಬಂದವರ ವಿಷಯ ಬೇರೆ. ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಶ್ರಮದ ವ್ಯಾಯಾಮದಿಂದ ದೇಹದ ಕಸುವು ಹೆಚ್ಚಿತೇ ಹೊರತು ಮರೆವು ಮುಂದುವರಿಯುವುದು ನಿಧಾನವಾಗಲಿಲ್ಲ. ಆದ್ದರಿಂದ ಬಲವಂತದ ಕಸರತ್ತು ಬೇಡ. ಕಾಲಿನ ಬಲವನ್ನೂ ಮನಸ್ಸಿನ ಗೆಲುವನ್ನೂ ಉಳಿಸುವ ಹಿತವಾದ ನಡಿಗೆಯೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ.

ಹೊತ್ತು ಮತ್ತು ದಾರಿ ದಿನವೂ ಒಂದೇ ಆಗಿರಲಿ. "ವ್ಯಾಯಾಮ ಮಾಡಿ" ಎಂದರೆ ಏಳದವರು, "ಅಜ್ಜಾ, ಪೂಜೆಗೆ ಹೂ ಕೊಯ್ದುಕೊಂಡು ಬರುವ, ಬನ್ನಿ" ಎಂದರೆ ಸಂತೋಷದಿಂದಲೇ ಹೊರಡುವುದುಂಟು. ಮಳೆಗಾಲದಲ್ಲಿ ಕೆಂಪುಕಲ್ಲಿನ ಮೆಟ್ಟಿಲೂ ಅಂಗಳವೂ ಪಾಚಿ ಹಿಡಿದು ಜಾರುತ್ತವೆ. ಆ ತಿಂಗಳುಗಳಲ್ಲಿ ಜಗಲಿಯಲ್ಲೇ ನಡೆಸಿ, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು ಕುಳಿತುಕೊಳ್ಳುವ ಅಭ್ಯಾಸ ಮಾಡಿಸಬಹುದು. ಸಡಿಲವಾದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಹಾಕಿಸಿರಿ. ಹೃದ್ರೋಗ ಇರುವವರಿಗೆ, ಹಿಂದೆ ಬಿದ್ದು ಪೆಟ್ಟಾದವರಿಗೆ, ಮೊದಲು ವೈದ್ಯರನ್ನು ಕೇಳಿಯೇ ಆರಂಭಿಸಿರಿ.