ದೇಣಿಗೆ ಮೆಸೇಜಿನಿಂದ ಅಂಕಿ-ಅಂಶ ಕಿತ್ತುಹಾಕಿದ ಮೇಲೆ

‘ಇಷ್ಟು ಸಾವಿರ ಮಕ್ಕಳಿಗೆ ದೃಷ್ಟಿದೋಷ’ ಎಂಬ ಸಾಲಿಲ್ಲದೆ ಮನವಿ ಹೊರಡಲೇಬಾರದು ಎಂದು ಟ್ರಸ್ಟಿಗಳು ಪಟ್ಟು ಹಿಡಿದಿದ್ದರು. ಬರಬೇಕಾದ ದುಡ್ಡನ್ನು ತಡೆಯುತ್ತಿದ್ದದ್ದೇ ಆ ಸಾಲು. ನಾಲ್ಕು ಸುತ್ತು ಕಳಿಸಿ ತೋರಿಸಿದ ಮೇಲೆ ಈಗ ಯಾರೂ ತಕರಾರು ತೆಗೆಯುವುದಿಲ್ಲ.

ಕೆಲಸ: ಶಾಲಾ ಮಕ್ಕಳಿಗೆ ಕನ್ನಡಕ. ಪಟ್ಟಿಯಲ್ಲಿ ಮನವಿ ಕಳಿಸುವ ಸುಮಾರು 2,400 ವಾಟ್ಸಾಪ್ ನಂಬರ್. ಕೊನೆಯ ಅಂಕಿ ಸಮ ಇದ್ದವರಿಗೆ ಹಳೆಯ ಮೆಸೇಜ್, ಬೆಸ ಇದ್ದವರಿಗೆ ಹೊಸದು, ಎರಡೂ ಒಂದೇ ಹೊತ್ತಿಗೆ. ಹೊಸದು ಇಷ್ಟೇ: “ರೇಣುಕಾಗೆ ಬೋರ್ಡಿನ ಅಕ್ಷರ ಕಾಣುವುದಿಲ್ಲ. ಪಕ್ಕದವಳ ನೋಟ್ಸ್ ನೋಡಿ ಬರೆದುಕೊಳ್ಳುತ್ತಾಳೆ. ಅವಳ ಕನ್ನಡಕಕ್ಕೆ 400 ರೂಪಾಯಿ.” (ಹೆಸರು ಬದಲಿಸಿದ್ದು, ಫೋಟೊಗೆ ಮನೆಯವರ ಲಿಖಿತ ಒಪ್ಪಿಗೆ ಕಡ್ಡಾಯ.) ಹಳೆಯದಕ್ಕೆ ಇಪ್ಪತ್ತು ಚಿಲ್ಲರೆ ಜನ ಕೊಟ್ಟರೆ ಹೊಸದಕ್ಕೆ ನಲವತ್ತರ ಮೇಲೆ.

ಅದಕ್ಕೂ ಮೊದಲು ಎಡವಿದ್ದು ಹೀಗೆ. ಮೊದಲ ಸಲ ಮುನ್ನೂರು-ಮುನ್ನೂರು ಜನರ ಮೇಲೆ ನೋಡಿ, ಹಳೆಯದಕ್ಕೆ 6, ಹೊಸದಕ್ಕೆ 9 ಜನ ಕೊಟ್ಟರೆಂದು ಬೀಗಿದ್ದಾಯಿತು. ಮುಂದಿನ ಸಲ ಲೆಕ್ಕ ತಿರುಗುಮುರುಗು. ಅಷ್ಟು ಸಣ್ಣ ಸಂಖ್ಯೆಯಲ್ಲಿ ಮೂರು ಜನರ ವ್ಯತ್ಯಾಸ ಬರೀ ಅದೃಷ್ಟ.

ಎರಡನೆಯ ತಪ್ಪು ರಾಜಿ: ಮೇಲೆ ಹುಡುಗಿ, ಕೆಳಗೆ ಟ್ರಸ್ಟಿಗಳ ಅಂಕಿ-ಅಂಶ. 2007ರಲ್ಲಿ ಸಂಶೋಧಕರಾದ ಸ್ಮಾಲ್, ಲೋವೆನ್‌ಸ್ಟೈನ್, ಸ್ಲೊವಿಕ್ ಪ್ರಕಟಿಸಿದ ಪ್ರಯೋಗ ಗೊತ್ತಿದ್ದೂ ಮಾಡಿದ್ದು. ಕೈಗೆ ಐದು ಡಾಲರ್ ಕೊಟ್ಟಾಗ, ಒಬ್ಬಳೇ ಹುಡುಗಿಯ ಬಗ್ಗೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು, ಬರೀ ಅಂಕಿ ಓದಿದವರು 1.14, ಎರಡೂ ಸೇರಿಸಿ ಓದಿದವರು 1.43. ಮೊದಲು ಸಣ್ಣ ಲೆಕ್ಕ ಬಿಡಿಸಿದವರೂ ಹುಡುಗಿಗೆ ಕಡಿಮೆಯೇ ಕೊಟ್ಟರು. ಲೆಕ್ಕಕ್ಕೆ ಕೂತ ಮನಸ್ಸು ಮರುಗುವುದಿಲ್ಲ. ಅದಕ್ಕೇ ಮೆಸೇಜಿನಲ್ಲಿ 400 ಬಿಟ್ಟರೆ ಬೇರೆ ಅಂಕಿಯೇ ಇಲ್ಲ. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ ಎನ್ನುವ 80ಜಿ ಸಾಲನ್ನೂ ರಸೀದಿಗೆ ತಳ್ಳಿದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಆ ವಿನಾಯಿತಿ ಇಲ್ಲ.

ಫೋಟೊ. ನೆರಳಿನ ಆಕೃತಿಗಿಂತ ಮುಖ ಕಂಡಾಗ ದಾನ ಹೆಚ್ಚುತ್ತದೆ, ಮಿದುಳಿನಲ್ಲಿ ಖುಷಿಗೆ ಸ್ಪಂದಿಸುವ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗ ಚುರುಕಾಗುತ್ತದೆ ಎಂದು 2013ರ ಸ್ಕ್ಯಾನಿಂಗ್ ಅಧ್ಯಯನ ತೋರಿಸಿತ್ತು. ಒಬ್ಬಳೇ ಇರಲಿ, ಕಣ್ಣು ಕ್ಯಾಮೆರಾ ಕಡೆಗಿರಲಿ. ಇಬ್ಬರನ್ನು ನಿಲ್ಲಿಸಿದ ಸುತ್ತು ಬಿದ್ದುಹೋಯಿತು. ವಾಟ್ಸಾಪ್ ಟೆಂಪ್ಲೇಟಿನಲ್ಲಿ (ಒಟ್ಟಿಗೆ ಹಲವರಿಗೆ ಕಳಿಸುವ ಸಿದ್ಧ ಮಾದರಿ) ಚಿತ್ರ ಅಡ್ಡಕ್ಕೆ ಕತ್ತರಿಸಿ ಕಾಣುವುದರಿಂದ ಉದ್ದನೆಯ ಫೋಟೊ ಹಾಕಿದರೆ ಹಣೆ, ಗಲ್ಲ ಮಾಯ.

ಇಷ್ಟೆಲ್ಲ ಮಾಡಿ ಕೊನೆಗೆ ಸೋತದ್ದು ಕ್ಯೂಆರ್‌ನಲ್ಲಿ. ಮೆಸೇಜ್ ನೋಡುತ್ತಿರುವ ಫೋನಿನಿಂದಲೇ ಅದನ್ನು ಸ್ಕ್ಯಾನ್ ಮಾಡುವುದು ಹೇಗೆ? ಗ್ಯಾಲರಿಗೆ ಉಳಿಸಿ, ಆ್ಯಪ್ ತೆರೆದು, ಅಪ್‌ಲೋಡ್ ಮಾಡುವಷ್ಟರಲ್ಲಿ ಮರುಕ ಆರಿಹೋಗಿರುತ್ತದೆ. ಈಗ ಮೊತ್ತ ಮೊದಲೇ ತುಂಬಿದ ಪುಟಕ್ಕೆ ಒಂದೇ ಬಟನ್.

ಎಸ್ಸೆಮ್ಮೆಸ್‌ಗೆ ಕೈಹಾಕುವವರಿಗೆ ಒಂದು ಮಾತು: ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಅಕ್ಷರ, ಉದ್ದವಾದರೆ ತುಂಡಿಗೆ 67. ಒತ್ತು, ಕೊಂಬು ಎಲ್ಲ ಬೇರೆ ಬೇರೆ ಎಣಿಕೆ; ‘ಸ್ತ್ರೀ’ ಒಂದಕ್ಕೇ ಆರು ಹೋಗುತ್ತದೆ. ಒಂದು ಬಿಲ್ ಅಂದುಕೊಂಡದ್ದರ ಮೂರರಷ್ಟು ಬಂದಾಗಲೇ ಇದು ತಲೆಗೆ ಹೋದದ್ದು.

ಮಧ್ಯೆ ಒಂದು ಚಪಲ. ಧಾರವಾಡ ಕಡೆಯವರಿಗೆ ಅದೇ ಮಾತನ್ನು “ಆಕೀಗೆ ಬೋರ್ಡ್ ಕಾಣಂಗಿಲ್ರೀ” ಎಂದು ಧ್ವನಿಯಲ್ಲಿ ಕಳಿಸಿದೆ. ಉತ್ತರಗಳು ಧಾರಾಳ, ಹೊಗಳಿಕೆ ಇನ್ನೂ ಧಾರಾಳ, ದುಡ್ಡು ಮಾತ್ರ ಅಷ್ಟಕ್ಕಷ್ಟೆ. ಕಾರಣ ಬಹುಶಃ ಬಟನ್ ಆ ಧ್ವನಿಯ ಜತೆಗಿಲ್ಲದೆ ಮುಂದಿನ ಮೆಸೇಜಿನಲ್ಲಿದ್ದದ್ದು. ಇನ್ನೊಮ್ಮೆ ನೋಡಬೇಕು.

ದೊಡ್ಡ ದಾನಿಯೊಬ್ಬರು ‘ನೀವು ಒಂದು ಕೊಟ್ಟರೆ ನಾನು ಮೂರು’ ಎನ್ನಲು ಸಿದ್ಧರಿದ್ದರು. ಬೇಡವೆಂದೆ. ಅರ್ಥಶಾಸ್ತ್ರಜ್ಞರಾದ ಕಾರ್ಲನ್ ಮತ್ತು ಲಿಸ್ಟ್ 2007ರಲ್ಲಿ ಕಂಡಂತೆ ಜೋಡಿ ಹಣ ಇದೆ ಎಂಬುದೇ ಜನರನ್ನು ಎಳೆಯುತ್ತದೆ. ಒಂದಕ್ಕೆ ಮೂರು ಎಂದರೆ ಒಂದಕ್ಕೆ ಒಂದಕ್ಕಿಂತ ಹೆಚ್ಚೇನೂ ಬರುವುದಿಲ್ಲ. ಒಂದಕ್ಕೆ ಒಂದೇ ಎಂದಿಟ್ಟಾಗ ಅದೇ ಹಣ ಮೂರು ಸುತ್ತಿಗೆ ಬಂತು.

ಹಣ ಬಂದ ಗಂಟೆಯೊಳಗೆ ರಸೀದಿ, ಹತ್ತು-ಹನ್ನೆರಡು ದಿನಕ್ಕೆ ಕನ್ನಡಕ ಹಾಕಿಕೊಂಡ ಫೋಟೊ. ಎರಡನೇ ಸಲ ಕೊಡುವವರು ಹುಟ್ಟುವುದು ಇಲ್ಲಿಯೇ. ಆ ಫೋಟೊ ಕೆಳಗಿನ ಸಾಲು ಏನೆಂದು ಮಾತ್ರ ಇಲ್ಲಿ ಬರೆಯಲಾರೆ, ಅದು ನನ್ನ ಹೊಟ್ಟೆಪಾಡು. ಪಟ್ಟಿಯಲ್ಲಿ ವಿದೇಶಿ ಪಾಸ್‌ಪೋರ್ಟ್ ಪಡೆದ ಕನ್ನಡಿಗರಿದ್ದರೆ ಕಳಿಸುವ ಮೊದಲೇ ತೆಗೆದಿಡಿ. ಅವರ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ, ವಿದೇಶಿ ದೇಣಿಗೆ ಕಾಯ್ದೆಯಡಿ ತೆರೆದ ಎಫ್‌ಸಿಆರ್‌ಎ ಖಾತೆಗೇ ಬರಬೇಕು, ಈ ಬಟನ್ನಿಗಲ್ಲ.