ಪರ್ಚೇಸ್ ಆರ್ಡರ್‌ಗೆ ಸಂಖ್ಯೆ ಕೊಡುವಾಗ

ಪೀಣ್ಯದ ನಮ್ಮ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಖರೀದಿ ವಿಭಾಗ ನನ್ನ ಕೈಗೆ ಬಂದಾಗ ಪರ್ಚೇಸ್ ಆರ್ಡರ್ (ಪಿಒ), ಅಂದರೆ ಸರಬರಾಜುದಾರರಿಗೆ ಕೊಡುವ ಖರೀದಿ ಆದೇಶ, ಅದರ ಸಂಖ್ಯೆಯೆಂದರೆ ಒಂದು ಪುಟ್ಟ ಜಾತಕವಾಗಿತ್ತು. ಸರಬರಾಜುದಾರರ ಊರು, ಮಾಲಿನ ಬಗೆ, ತಿಂಗಳು, ಕೊನೆಗೆ ಕ್ರಮಾಂಕ, ನಡುನಡುವೆ ಓರೆಗೆರೆ. ಬೆಳಗಾವಿಯ ಕಾಸ್ಟಿಂಗ್‌ಗೆ (ಎರಕದ ಭಾಗಕ್ಕೆ) ಒಂದು ಸಂಕೇತ, ಟೂಲಿಂಗ್‌ಗೆ (ಭಾಗ ತಯಾರಿಸುವ ಸಲಕರಣೆಗೆ) ಇನ್ನೊಂದು. ಒಂದೇ ಆರ್ಡರ್‌ನಲ್ಲಿ ಕಾಸ್ಟಿಂಗ್ ಜೊತೆಗೆ ಅದರ ಪ್ಯಾಟರ್ನ್ (ಎರಕದ ಅಚ್ಚು ಮಾಡುವ ಮಾದರಿ, ಅದು ಟೂಲಿಂಗ್) ಕೂಡ ಇದ್ದರೆ ಯಾವ ಸಂಕೇತ ಹಾಕಬೇಕು? ಆ ಹೊತ್ತಿಗೆ ಯಾರಿಗೆ ಏನು ತೋಚುತ್ತದೆಯೋ ಅದು.

ಸ್ಟೋರ್ಸ್‌ನವರ ಪಾಡು ಇನ್ನೂ ಕಷ್ಟ. ಸಂಖ್ಯೆಯ ಬಾಲವನ್ನಷ್ಟೇ, ಅಂದರೆ ‘4/12’ ಎಂದು, ಎಕ್ಸೆಲ್‌ನಲ್ಲಿ ಬರೆದರೆ ಅದು ದಿನಾಂಕವಾಗಿ ಬದಲಾಗುತ್ತಿತ್ತು. ವಿಂಡೋಸ್‌ನಲ್ಲಿ ಕಡತದ ಹೆಸರಿಗೆ ಓರೆಗೆರೆ ಹಾಕಲು ಬರುವುದಿಲ್ಲವಾದ್ದರಿಂದ ಒಬ್ಬರು ಅಡ್ಡಗೆರೆ ಹಾಕುತ್ತಿದ್ದರು, ಇನ್ನೊಬ್ಬರು ಚುಕ್ಕಿ. ಹುಡುಕಿದರೆ ಸಿಗುವುದು ಅದೃಷ್ಟವಿದ್ದವರಿಗೆ.

ಊರು, ಮಾಲು, ತಿಂಗಳು ಎಲ್ಲವೂ ಆರ್ಡರ್‌ನ ಒಳಗೇ ಅಚ್ಚಾಗಿರುತ್ತವೆ. ಸಂಖ್ಯೆಯೂ ಅದನ್ನೇ ಒದರಬೇಕಾಗಿಲ್ಲ. ಹೀಗಾಗಿ ಎಲ್ಲವನ್ನೂ ಕಿತ್ತುಹಾಕಿ ‘ಪಿಒ-2526-0147’ ಎಂಬ ರೂಪಕ್ಕೆ ಬಂದೆ. 2526 ಎಂದರೆ 2025-26ರ ಹಣಕಾಸು ವರ್ಷ. ಏಪ್ರಿಲ್ 1ಕ್ಕೆ ಕ್ರಮಾಂಕ ಮತ್ತೆ 0001. ಕ್ರಮಾಂಕದ ಎಡಕ್ಕಿರುವ ಸೊನ್ನೆಗಳು ಶೋಕಿಗಲ್ಲ: ಅವಿಲ್ಲದಿದ್ದರೆ ಪಟ್ಟಿಯಲ್ಲಿ 10 ಬಂದ ಮೇಲೆ 2 ಬರುತ್ತದೆ. ಜಿಎಸ್‌ಟಿ ನಿಯಮ ಇನ್‌ವಾಯ್ಸ್ ಸಂಖ್ಯೆಗೆ 16 ಅಕ್ಷರಗಳ ಮಿತಿ ಹಾಕಿದೆ, ಒಂದು ಹಣಕಾಸು ವರ್ಷದಲ್ಲಿ ಅದು ಮರುಕಳಿಸಕೂಡದು. ಆರ್ಡರ್‌ಗೆ ಆ ನಿಯಮ ಅನ್ವಯಿಸದಿದ್ದರೂ ನಾನು ಅದರೊಳಗೇ ಉಳಿದೆ. ಫೋನಿನಲ್ಲಿ ಒಂದೇ ಉಸಿರಿಗೆ ಹೇಳಬಹುದು, ಅದೇ ದೊಡ್ಡ ಲಾಭ.

ಎರಡನೆಯ ಘಟಕಕ್ಕೂ ಸಂಕೇತ ಬೇಕೆಂದು ಅಲ್ಲಿನವರು ಪಟ್ಟು ಹಿಡಿದರು. ಕೊಡಲಿಲ್ಲ. ಅವರ ಸರಣಿಯನ್ನು 5001ರಿಂದ ಆರಂಭಿಸಿದೆ. ಎರಡೂ ಕಡೆ ಒಂದೇ ಸಂಖ್ಯೆ ಹೊರಡುವ ಭಯ ತಪ್ಪಿತು.

ತಲೆನೋವು ಉಳಿದದ್ದು ತಿದ್ದುಪಡಿಯಲ್ಲಿ. 200 ಕಾಸ್ಟಿಂಗ್ 150ಕ್ಕೆ ಇಳಿದರೆ ಹಿಂದೆ ಹೊಸ ಆರ್ಡರ್ ಹೊರಡಿಸುತ್ತಿದ್ದರು. ಹಳೆಯದು ಪುಸ್ತಕದಲ್ಲಿ ಬಾಕಿಯಾಗಿಯೇ ಬಿದ್ದಿರುತ್ತಿತ್ತು. ಈಗ ಮೂಲ ಸಂಖ್ಯೆ ಅಲುಗುವುದಿಲ್ಲ, ಕೊನೆಗೆ ‘ಆರ್1’ (ರಿವಿಷನ್ 1, ಮೊದಲ ತಿದ್ದುಪಡಿ) ಸೇರುತ್ತದೆ. ಗೇಟಿನಲ್ಲಿ ಮಾಲು ಇಳಿಸಿಕೊಳ್ಳುವವರು ಮೂಲ ಸಂಖ್ಯೆಯನ್ನು ನೋಡಿ ಇತ್ತೀಚಿನ ತಿದ್ದುಪಡಿಯನ್ನು ತೆರೆಯುತ್ತಾರೆ. ಲೆಕ್ಕಪತ್ರ ವಿಭಾಗದವರು ಆರ್ಡರ್, ಮಾಲು ಸ್ವೀಕೃತಿ ಪತ್ರ, ಇನ್‌ವಾಯ್ಸ್ ಮೂರನ್ನೂ ಅದೇ ಸಂಖ್ಯೆಯಲ್ಲಿ ತಾಳೆ ನೋಡುತ್ತಾರೆ. ರದ್ದಾದ ಆರ್ಡರ್‌ನ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ‘ರದ್ದು’ ಎಂದು ಬರೆದು ಸಾಲಿನಲ್ಲೇ ಬಿಡುತ್ತೇವೆ. ಮಾರ್ಚ್‌ನ ಆರ್ಡರ್‌ಗೆ ಮಾಲು ಮೇ ತಿಂಗಳಲ್ಲಿ ಬಂದರೂ ಸಂಖ್ಯೆ ಹಳೆಯ ವರ್ಷದ್ದೇ.

ಇನ್‌ವಾಯ್ಸ್ ಮೇಲೆ ಈ ಸಂಖ್ಯೆ ಇಲ್ಲದಿದ್ದರೆ ಹಣ ತಡವಾಗುತ್ತದೆ ಎಂದು ಪ್ರತಿ ಆರ್ಡರ್‌ನ ತಳದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಹಳೆಯ ಸರಬರಾಜುದಾರರೊಬ್ಬರು ಈಗಲೂ ‘ದೂರವಾಣಿ ಆದೇಶದಂತೆ’ ಎಂದಷ್ಟೇ ಬರೆಯುತ್ತಾರೆ. ಅವರ ಮಾಲು ಚೆನ್ನಾಗಿರುತ್ತದೆ, ಬೈಯಲು ಮನಸ್ಸಾಗುವುದಿಲ್ಲ. ಸಂಖ್ಯೆಯನ್ನು ಹುಡುಕಿ ನಾನೇ ಪೆನ್ಸಿಲ್‌ನಲ್ಲಿ ಬರೆದು ಲೆಕ್ಕಪತ್ರ ವಿಭಾಗಕ್ಕೆ ಕಳಿಸುತ್ತೇನೆ.