ಜೂನ್ ಮಳೆಯಲ್ಲಿ ಎಂಟನೇ ತರಗತಿಯ ಸೇತುಬಂಧ

ಕೊಡಗಿನಲ್ಲಿ ಪ್ರೌಢಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಹಿಂದಿನ ತರಗತಿಗಳಲ್ಲಿ ಕಲಿಯದೆ ಉಳಿದದ್ದನ್ನು ವರ್ಷದ ಆರಂಭದಲ್ಲೇ ತುಂಬಿಸುವ ಸೇತುಬಂಧವನ್ನು ಬಿಡದೆ ಹದಿನೈದು ದಿನ ಮಾಡುತ್ತೇವೆ ಎಂದು ಬರೆದಿಟ್ಟರೆ ಅದು ಕ್ರಿಯಾಯೋಜನೆಯ ಕಡತದಲ್ಲೇ ಉಳಿಯುತ್ತದೆ. ನಡುವೆ ಮಳೆ ರಜೆ ಬರುತ್ತದೆ, ಹೊಳೆ ದಾಟಿ ಬರುವ ಮಕ್ಕಳು ರಜೆ ಇಲ್ಲದ ದಿನವೂ ಬರಲಾರರು. ಹಾಗಾಗಿ ನಾವು ದಿನದ ಲೆಕ್ಕ ಬಿಟ್ಟು ಗಣಿತವನ್ನು 12 ತುಂಡು ಮಾಡಿಕೊಂಡಿದ್ದೇವೆ. ಒಂದು ತುಂಡು ಒಂದೇ ಪೀರಿಯಡ್‌ನಲ್ಲಿ ಮುಗಿಯಬೇಕು, ನಿನ್ನೆ ಬಾರದ ಮಗು ಇವತ್ತು ಕೂತರೂ ಹಿಡಿತ ಸಿಗಬೇಕು. ಒಂದೊಂದು ತುಂಡಿನ ಹಾಳೆಗಳು ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ. ಯಾರಿಗೆ ಯಾವುದು ತಪ್ಪಿತೋ ಅವರ ಕೈಗೆ ಆ ಕವರು.

ಪಾಠಕ್ಕೆ ಮೊದಲು ಹೆಸರಿನ ಕೆಲಸ ಮುಗಿಸಿಕೊಳ್ಳಿ. ಇಲ್ಲಿ ಮನೆಹೆಸರು ಮೊದಲು ಬರುವ ಕುಟುಂಬಗಳು ಬಹಳ. ಆಧಾರ್‌ನಲ್ಲಿ ಮನೆಹೆಸರು ಪೂರ್ತಿ, ವರ್ಗಾವಣೆ ಪತ್ರದಲ್ಲಿ ಬರೀ ಇನಿಷಿಯಲ್, ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಮೂರನೆಯದೇ ಒಂದು ರೂಪ ಇರುತ್ತದೆ. ಮೂರನ್ನೂ ಜನನ ಪ್ರಮಾಣಪತ್ರದ ಪಕ್ಕ ಇಟ್ಟು, ಪೋಷಕರ ಎದುರೇ ಅಕ್ಷರ ಅಕ್ಷರ ಓದಿ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. ಎಂಟರಲ್ಲಿ ಬಿಟ್ಟ ತಪ್ಪು ಹತ್ತರ ಅಂಕಪಟ್ಟಿಗೆ ಹೋಗಿ ಕೂರುತ್ತದೆ, ಆಮೇಲೆ ಅದರ ತಿದ್ದುಪಡಿಗೆ ಪರೀಕ್ಷಾ ಮಂಡಳಿಯವರೆಗೆ ಓಡಾಟ.

ಓದಿನ ಪರೀಕ್ಷೆಯನ್ನು ಒಬ್ಬೊಬ್ಬರನ್ನೇ ಕೂರಿಸಿ ಮಾಡುತ್ತೇವೆ. ಐದನೇ ತರಗತಿ ಮಟ್ಟದ, ನೂರು ಪದದ ಒಂದು ಪ್ಯಾರಾ. ತಲೆಗೆ ಎರಡು ನಿಮಿಷದಂತೆ 40 ಮಕ್ಕಳಿಗೆ ಎರಡು ಪೀರಿಯಡ್ ಸಾಕು. ತರಗತಿಯ ಎದುರು ಓದಿಸಬಾರದು, ಓದಲು ಬರುವವರೂ ತೊದಲುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. 'ಭೂಮಿ'ಯನ್ನು 'ಬೂಮಿ' ಎಂದರೆ ಅದು ಬರೀ ಉಚ್ಚಾರ, ತಪ್ಪು ಹಾಕಬೇಡಿ. 'ಕಷ್ಟ' ಎಂಬಲ್ಲಿ ಒತ್ತಕ್ಷರ ನುಂಗಿ 'ಕಷ' ಎಂದು ನಿಂತರೆ, ಅಥವಾ ಮೊದಲ ಅಕ್ಷರ ನೋಡಿ ಇನ್ನೇನೋ ಊಹಿಸಿ ಹೇಳಿದರೆ ಅಲ್ಲಿದೆ ತೊಂದರೆ. ಅಂಥವರಿಗೆ ವಿಜ್ಞಾನ, ಸಮಾಜದ ಪಾಠ ಏಕೆ ತಲೆಗೆ ಹತ್ತುವುದಿಲ್ಲ ಎಂದು ಬೇರೆ ಹುಡುಕುವುದೇ ಬೇಡ.

ಗಣಿತದ ಪೂರ್ವ ಪರೀಕ್ಷೆಗೆ ಎಂಟೇ ಲೆಕ್ಕ. ಸರಿಯೋ ತಪ್ಪೋ ಎಂಬುದಕ್ಕಿಂತ ಬಂದ ಉತ್ತರವೇ ನಮಗೆ ಮುಖ್ಯ. 503ರಿಂದ 268 ಕಳೆದು 365 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 245 ಬರೆದ ಮಗುವಿಗೆ ದಶಕ ತೆಗೆದುಕೊಳ್ಳುವುದು ಗೊತ್ತು, ಆದರೆ ಸೊನ್ನೆಯನ್ನು ಹತ್ತು ಮಾಡಿದ ಮೇಲೆ ಅದರಿಂದ ಒಂದು ಬಿಡಿಗೆ ಹೋಯಿತು ಎಂಬುದನ್ನು ಮರೆತಿದೆ. ಇಬ್ಬರಿಗೂ ಒಂದೇ ಪಾಠ ಮಾಡಿದರೆ ಇಬ್ಬರಿಗೂ ಉಪಯೋಗವಿಲ್ಲ. ಮೊದಲನೆಯವನಿಗೆ ನೂರರ ಐದು ನೋಟು, ಮೂರು ಬಿಡಿ ರೂಪಾಯಿ ಕೊಟ್ಟು 268 ಎಣಿಸಿ ಕೊಡು ಎನ್ನಬೇಕು. ಚಿಲ್ಲರೆ ಮಾಡಿಸದೆ ಗತ್ಯಂತರವಿಲ್ಲ ಎಂಬುದು ಆಗ ಕೈಗೇ ಗೊತ್ತಾಗುತ್ತದೆ. 612ನ್ನು 6ರಿಂದ ಭಾಗಿಸಿದರೆ 12 ಎನ್ನುವವರು ಪ್ರತಿ ವರ್ಷವೂ ಇರುತ್ತಾರೆ. ಭಾಗಿಸುವ ಮೊದಲೇ ಭಾಗಲಬ್ಧದ ಜಾಗದಲ್ಲಿ ಮೂರು ಚುಕ್ಕೆ ಇಡಿಸಿ. ನಡುವಿನ ಚುಕ್ಕೆ ಖಾಲಿ ಉಳಿದರೆ ಸೊನ್ನೆ ಬಿಟ್ಟುಹೋಗಿದ್ದು ಕಣ್ಣಿಗೆ ಹೊಡೆಯುತ್ತದೆ.

ದಶಮಾಂಶಕ್ಕೆ ನಮ್ಮ ಮಕ್ಕಳಿಗೆ ಬೇರೆ ಪಾಠೋಪಕರಣ ಬೇಡ, ಮಳೆಯೇ ಸಾಕು. 0.5 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದರೆ 35 ಎಂಬ ಅಂಕಿ ಕಂಡು ಬಹಳಷ್ಟು ಮಂದಿ 0.35 ಎನ್ನುತ್ತಾರೆ. ಒಂದು ತೋಟದಲ್ಲಿ ಅರ್ಧ ಇಂಚು ಮಳೆ, ಪಕ್ಕದಲ್ಲಿ 35 ಸೆಂಟ್, ಎಲ್ಲಿ ಜಾಸ್ತಿ ಎಂದು ಕೇಳಿದರೆ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಮಕ್ಕಳೂ ತಟ್ಟನೆ ಹೇಳುತ್ತಾರೆ. ತೋಟದ ಗುಮಾಸ್ತ, ಅಂದರೆ ರೈಟರ್, ಬರೆದಿಡುವ ಮಳೆ ಲೆಕ್ಕ ಇಂಚು-ಸೆಂಟಿನಲ್ಲೇ ಇರುವುದು, 100 ಸೆಂಟಿಗೆ ಒಂದು ಇಂಚು. (ಜಾಗದ ಸೆಂಟು ಬೇರೆ, ಅದು 100ಕ್ಕೆ ಒಂದು ಎಕರೆ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಮಧ್ಯದಲ್ಲಿ ಗೊಂದಲ.) ಆಮೇಲೆ 2 ಇಂಚು 5 ಸೆಂಟನ್ನು ಬರೆಯಲು ಹೇಳಿ. 2.5 ಎಂದು ಬರೆಯುವವರು ಹೆಚ್ಚಾಗಿ 612ರಲ್ಲಿ ಸೊನ್ನೆ ಬಿಟ್ಟವರೇ. ತಪ್ಪು ಒಂದೇ, ವೇಷ ಬೇರೆ. 2.05 ಎಂದಾದ ಮೇಲೆ 25.4ರಿಂದ ಗುಣಿಸಿ ಮಿಲಿಮೀಟರಿಗೆ ತರಿಸಿದರೆ 52.07. ಗುಣಾಕಾರದ ತುಂಡೂ ಅಲ್ಲೇ ಆಯಿತು.

ಶಾಲೆಯಲ್ಲೇ ಅಳೆಯುವುದಾದರೆ ಮೇಲಿಂದ ಕೆಳಗೆ ಒಂದೇ ಅಗಲದ ಡಬ್ಬ ಬೇಕು, ಸೂರಿನ ನೀರು, ಮರದ ಹನಿ ತಾಗದ ಜಾಗವೂ ಬೇಕು. 5 ಸೆಂ.ಮೀ. ಅಗಲದ ಬಾಟಲಿಗೆ 10 ಸೆಂ.ಮೀ. ಬಾಯಿಯ ಆಲಿಕೆ ಇಟ್ಟರೆ ನೀರು ನಾಲ್ಕು ಪಟ್ಟು ಏರುತ್ತದೆ. ಮಕ್ಕಳು ಎರಡು ಪಟ್ಟು ಎನ್ನುತ್ತಾರೆ. ಒಂಬತ್ತು-ಹತ್ತರವರಿಗೆ ವೃತ್ತದ ವಿಸ್ತೀರ್ಣ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಇನ್ನು ಚಿಕ್ಕಪುಟ್ಟವು. ಶೀಟಿನ ಮಾಡಿನ ಮೇಲೆ ಮಳೆ ಜಡಿಯುವಾಗ ಗಂಟಲು ಹರಿದುಕೊಳ್ಳಬೇಡಿ, ಆ ಹೊತ್ತಿಗೆಂದೇ ಬರವಣಿಗೆಯ ಹಾಳೆ ಎತ್ತಿಡಿ. ಜೆಲ್ ಪೆನ್ನಿನ ಬರಹ ಒದ್ದೆ ಚೀಲದಲ್ಲಿ ಹರಡಿಹೋಗುತ್ತದೆ, ಬಾಲ್ ಪೆನ್ನು ಅಥವಾ ಪೆನ್ಸಿಲ್ ಇರಲಿ. ಥಂಡಿ ಹಿಡಿದ ಸೀಮೆಸುಣ್ಣ ಬೋರ್ಡಿನ ಮೇಲೆ ಜಾರುತ್ತದೆ, ಗಟ್ಟಿ ಮುಚ್ಚಳದ ಡಬ್ಬದಲ್ಲಿಟ್ಟು ಬೇಕಾದಷ್ಟೇ ತೆಗೆಯಿರಿ.

ವಿಶೇಷ ತರಗತಿಯನ್ನು ಸಂಜೆ ಇಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆನೆ ಓಡಾಡುವ ದಾರಿಯಲ್ಲಿ ಕತ್ತಲಾದ ಮೇಲೆ ಮಗುವನ್ನು ಕಳಿಸುವಂತಿಲ್ಲ, ಬಸ್ಸು ತಪ್ಪಿದರೆ ಇನ್ನೊಂದಿಲ್ಲ. ಬೆಳಗ್ಗೆಯೂ ಅದೇ ಕತೆ. ಊಟದ ನಂತರದ 30 ನಿಮಿಷ ಸಿಗುತ್ತದೆ, ಆರರಿಂದ ಎಂಟು ಮಕ್ಕಳ ಗುಂಪು, ಒಂದು ಗುಂಪಿಗೆ ಒಂದೇ ಬಗೆಯ ತಪ್ಪು. ಮನೆಗೆಲಸ ಐದು ಲೆಕ್ಕಕ್ಕೆ ಮೇಲೆ ಬೇಡ, ಕರೆಂಟ್ ಇರುವ ಹೊತ್ತಿನಲ್ಲಿ ಮುಗಿಯಬೇಕಲ್ಲ.

ಸೇತುಬಂಧ ಮುಗಿದ ಮೇಲಿನ ಸಾಫಲ್ಯ ಪರೀಕ್ಷೆಗೆ ಪೂರ್ವ ಪರೀಕ್ಷೆಯ ಅವೇ ಎಂಟು ಲೆಕ್ಕ, ಅಂಕಿ ಮಾತ್ರ ಬೇರೆ. ಹೆಸರಿನ ಮುಂದೆ ಎಂಟು ಚೌಕದ ಒಂದೇ ಪಟ್ಟಿ, ಬಂದ ಉತ್ತರವನ್ನೇ ಅದರಲ್ಲಿ ಬರೆದಿಡುತ್ತೇವೆ. ಅದೇ ಪಟ್ಟಿಯನ್ನು ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ ಕೈಲ್‌ಪೊಳ್ದ್ ಕಳೆದು ಮಳೆ ಇಳಿದ ಮೇಲೆ ಇನ್ನೊಮ್ಮೆ ತೆಗೆಯಬೇಕು. ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾದರೆ ಮತ್ತೆ ಹಾಜರಿ ಕುಸಿಯುತ್ತದೆ, ತಪ್ಪು ಉತ್ತರ ಉಳಿದ ಚೌಕಗಳನ್ನು ಸರಿಪಡಿಸಲು ಇರುವುದು ನಡುವಿನ ಆ ಮೂರು ತಿಂಗಳು.